ಈಜುಕೊಳದ ಪಕ್ಕದ ಕ್ಯಾಂಪಸ್

ಕೊರೊನಾ ಲಾಕ್‌ಡೌನ್ ಸಡಿಲಾಗಿ ರಾಜ್ಯದಿಂದ ರಾಜ್ಯಕ್ಕೆ ಓಡಾಡಲು ಅನುಮತಿ ಸಿಕ್ಕ ಮೊದಲ ವಾರವೇ ಪೆನಾಂಗಿನಿಂದ ಪುಚೊಂಗಿಗೆ, ಅಕ್ಕನ ಮನೆಗೆ ಬಂದಿದ್ದೇನೆ. ಅಕ್ಕನ ಮಗಳು ಅನನ್ಯಾ ಜಪಾನಿನ ದೊಡ್ಡ ವಿಶ್ವವಿದ್ಯಾಲಯವೊಂದನ್ನು ಸೇರಿದ್ದಾಳೆ. ಅಲ್ಲಿನ ಗಡಿ ಇನ್ನೂ ತೆರೆದಿಲ್ಲವಾದ್ದರಿಂದ ಪಾಠವೆಲ್ಲ ಇಲ್ಲಿಂದಲೇ. ಆ ವಿಶ್ವವಿದ್ಯಾಲಯಕ್ಕೆ ಮೂರು ಕ್ಯಾಂಪಸ್‌ಗಳಂತೆ. ಹುಡುಗಿ ಮನೆಯನ್ನೂ ಹಾಗೆಯೇ ಹಂಚಿಕೊಂಡಿದ್ದಾಳೆ: ಊಟದ ಮೇಜು ಪೇಟೆಯ ಕ್ಯಾಂಪಸ್, ಬಾಲ್ಕನಿ ಗುಡ್ಡದ ಕ್ಯಾಂಪಸ್. ಮೂರನೆಯದು ಊರಾಚೆ, ಸಮುದ್ರದ ಹತ್ತಿರ ಇದೆಯಂತೆ. ಅದಕ್ಕೆ ಈ ಕಾಂಡೋ ಅಪಾರ್ಟ್‌ಮೆಂಟಿನ ಕೆಳಗೆ, ಈಜುಕೊಳದ ಪಕ್ಕದ ನೆರಳಿನ ಬೆಂಚು.

ಹನ್ನೊಂದಕ್ಕೆ ಅವಳು ಲ್ಯಾಪ್‌ಟಾಪ್ ಮಡಚಿ, ಮಾಸ್ಕ್ ಹಾಕಿ, ಚಪ್ಪಲಿ ಮೆಟ್ಟಿದಳು. ಅಕ್ಕ ಚಿತ್ರಾನ್ನದ ಡಬ್ಬಿ ಕೈಗಿಟ್ಟಳು.

"ಕೆಳಗೇ ತಾನೇ ಹೋಗ್ತಿರೋದು? ಡಬ್ಬಿ ಯಾಕೆ?" ಎಂದೆ.

"ಆ ಕ್ಯಾಂಪಸ್ ದೂರ ಕಣೋ. ಬಸ್ಸಲ್ಲಿ ಒಂದು ಗಂಟೆ," ಎಂದಳು ಅಕ್ಕ, ಸ್ವಲ್ಪವೂ ನಗದೆ.

"ಕ್ಯಾಂಟೀನ್ ಕೂಡ ಕ್ಲೋಸ್ಡ್ ಲಾ, ಮಾಮ," ಎಂದು ಇಲ್ಲಿನವರ ಹಾಗೆ ‘ಲಾ’ ಸೇರಿಸಿ ಹೇಳುತ್ತ ಅನನ್ಯಾ ಲಿಫ್ಟ್ ಹತ್ತಿದಳು.

ಅಕ್ಕ ಬಾಲ್ಕನಿಗೆ ಹೋಗಿ, ಮಗಳು ಬೆಂಚು ಸೇರುವವರೆಗೂ ಕಾದು ನಿಂತಳು.

"ಮೊದಲನೇ ದಿನ ಅತ್ತುಬಿಟ್ಟಿದ್ದೆ ಕಣೋ," ಎಂದಳು. "ಈಗ ನೋಡು, ಬರೀ ಟಾಟಾ ಮಾಡ್ತೀನಿ."

ಮಾಡಿಯೂ ತೋರಿಸಿದಳು.