ಕೇಲಾಂಗ್‌ನಲ್ಲಿ ಹೆಣೆದ ಮೊದಲ ಜೊತೆ ಕಾಲುಚೀಲ

ಕೇಲಾಂಗ್‌ಗೆ ಬಂದ ಮೂರನೇ ದಿನ ಮನೆಯ ಒಡತಿ ನನ್ನ ಬಲಗಾಲನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಾನು ಗಾಬರಿಯಿಂದ ಹಿಂದಕ್ಕೆಳೆದುಕೊಂಡೆ. ನಮ್ಮ ಶಿಡ್ಲಘಟ್ಟದ ಕಡೆ ಹಿರಿಯರಿಗೆ ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಇಲ್ಲಿ ಅರವತ್ತು ದಾಟಿದ ಡೋಲ್ಮಾ ಆಂಟಿ ನನ್ನ ಪಾದವನ್ನು ಗೇಣಿನಲ್ಲಿ ಅಳೆಯಲು ಹೊರಟಿದ್ದರು. ಊರಿಂದ ತಂದಿದ್ದ ತೆಳು ಸಾಕ್ಸನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದರಲ್ಲಿ ಚಳಿಗಾಲ ಕಳೆಯುವುದಿಲ್ಲ, ನೀನೇ ಹೆಣೆಯುವುದನ್ನು ಕಲಿ ಎಂದರು.

ಕೇಲಾಂಗ್ ಹಿಮಾಚಲದ ಬೆಟ್ಟಗಳ ನಡುವಿನ ಸಣ್ಣ ಊರು. ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿದಾಗ, ನಂದಿಬೆಟ್ಟದ ಮಂಜಿಗೇ ಸ್ವೆಟರ್ ಹಾಕಿಕೊಳ್ಳುತ್ತಿದ್ದ ನಾನು ಎರಡು ಸೂಟ್‌ಕೇಸ್ ಹಿಡಿದು ಹೊರಟುಬಂದಿದ್ದೆ. ಡೋಲ್ಮಾ ಆಂಟಿಯ ಮನೆಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಕೊಳಾಯಿಯ ನೀರು ಹೆಪ್ಪುಗಟ್ಟಿಹೋಗಿ, ಬೆಳಿಗ್ಗೆ ಮಂಜುಗಡ್ಡೆಯನ್ನು ಒಲೆಯ ಮೇಲೆ ಕರಗಿಸಬೇಕು. ಊಟಕ್ಕೆ ಹುರಿದ ಬಾರ್ಲಿ ಹಿಟ್ಟನ್ನು ಚಹಾದಲ್ಲಿ ಕಲಸಿ ಉಂಡೆ ಕಟ್ಟುತ್ತಾರೆ. ಮುದ್ದೆ ತಿಂದು ಬೆಳೆದವಳಿಗೆ ಅದೊಂದೇ ಸ್ವಲ್ಪ ಪರಿಚಯದ್ದೆನಿಸಿತು. ಉಳಿದಂತೆ ಎಲ್ಲವೂ ಹೊಸದು. ಬಸ್ಸಿನಲ್ಲಿ, ಅಂಗಡಿ ಕಟ್ಟೆಯಲ್ಲಿ, ನಾನು ಕರೆದ ಪೋಷಕರ ಸಭೆಯಲ್ಲಿ ಕೂಡ ಹೆಂಗಸರ ಕೈಯಲ್ಲಿ ಉಲ್ಲನ್ ಓಡುತ್ತಲೇ ಇರುತ್ತಿತ್ತು. ಅವರು ತಮ್ಮ ಭಾಷೆಯಲ್ಲಿ ನಗುವಾಗ ನಾನು ಸುಮ್ಮನೆ ಕೈಗಳನ್ನು ನೋಡುತ್ತಿದ್ದೆ.

ಆಂಟಿಯ ಮಾತು ಕೇಳಲಿಲ್ಲ. ಪಾಠದ ಟಿಪ್ಪಣಿ, ಪರೀಕ್ಷೆಯ ಪೇಪರು ಎಂದು ನೆಪ ಹೇಳಿದೆ. ಡಿಸೆಂಬರಿನಲ್ಲಿ ಕಾಲ್ಬೆರಳು ಕೆಂಪಗೆ ಊದಿ, ತುರಿಸಿ ತುರಿಸಿ ಬೂಟು ಹಾಕಲಾಗದೆ ಹೋಯಿತು.

ಜನವರಿಯಲ್ಲಿ ಚಿಂತಾಮಣಿಯಿಂದ ತಂಗಿ ಮಂಜುಳಾ ಫೋನ್ ಮಾಡಿದಳು. ಅಮ್ಮನ ಕತ್ತಿನಲ್ಲಿ ಗಂಟು ಕಾಣಿಸಿತ್ತು. ಚಿಕ್ಕಬಳ್ಳಾಪುರದ ಡಾಕ್ಟರು ಸೂಜಿ ಚುಚ್ಚಿ ಒಳಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನು ಓದಿಸಿದ್ದು ಅಮ್ಮ, ಬಿಸಿನೀರಿನ ಬಾಣಲೆಯ ಮುಂದೆ ಕೂತು ಗೂಡಿನಿಂದ ರೇಷ್ಮೆ ನೂಲು ತೆಗೆದು. ನಾನು ಬ್ಯಾಗು ಕಟ್ಟಿಕೊಂಡೆ. ಆದರೆ ಹಿಮ ಕುಸಿದು ರಸ್ತೆ ಮುಚ್ಚಿತ್ತು. ಮರುದಿನ ಫೋನೂ ಸತ್ತಿತು.

ಕಟ್ಟಿದ ಬ್ಯಾಗಿನ ಪಕ್ಕ ಕೂತಿದ್ದ ನನ್ನನ್ನು ಆಂಟಿ ಕೆಳಗೆ, ಒಲೆಯ ಹತ್ತಿರ ಕರೆದರು. ಎರಡೂ ತುದಿ ಚೂಪಾದ ಐದು ಕಡ್ಡಿ, ಒಂದು ಉಂಡೆ ಬೂದು ಉಲ್ಲನ್ ಕೈಗಿಟ್ಟರು. ಆಂಟಿಯ ಹಿಂದಿಯಲ್ಲಿ ಕಡ್ಡಿಗೆ ಸಲಾಯಿ, ಕುಣಿಕೆಗೆ ಫಂದಾ. ನಾಲ್ಕು ಕಡ್ಡಿಗಳಲ್ಲಿ ಕುಣಿಕೆ ಹಂಚಿ, ಐದನೆಯದರಲ್ಲಿ ಸುತ್ತುತ್ತಾ ಹೋಗಬೇಕು. ಕಣಕಾಲಿನವರೆಗೆ ಹೇಗೋ ಇಳಿದೆ. ಈಗ ಏಡಿ ಮಾಡು ಎಂದರು. ನಮ್ಮ ಕೆರೆಯ ಏಡಿಯೇ ಕಣ್ಣಮುಂದೆ ಬಂದು, ಅಷ್ಟು ಸಂಕಟದಲ್ಲೂ ನಗು ಬಂತು. ಏಡಿ ಎಂದರೆ ಇವರಿಗೆ ಹಿಮ್ಮಡಿ. ಕುಣಿಕೆಗಳಲ್ಲಿ ಅರ್ಧವನ್ನು ಮಾತ್ರ ಹಿಂದೆ ಮುಂದೆ ಹೆಣೆದು, ಬಟ್ಟಲಿನಂತೆ ತಿರುಗಿಸಬೇಕು. ನನ್ನದು ಸೊಟ್ಟಗೆ ತಿರುಗಿತು. ಆಂಟಿ ನೋಡಿದವರೇ ಕಡ್ಡಿ ಕಿತ್ತು, ಎರಡು ದಿನದ ಕೆಲಸವನ್ನು ಸರ್ರನೆ ಬಿಚ್ಚಿಬಿಟ್ಟರು. ನನಗೆ ಅಳುವೇ ಬಂತು. ನಮ್ಮ ಮನೆಯಲ್ಲಿ ಎಳೆ ಹರಿದರೆ ಅಮ್ಮ ಸುಡುವ ನೀರಿನಲ್ಲಿ ತುದಿಗಾಗಿ ತಡಕಬೇಕು, ಸಿಗದಿದ್ದರೆ ಆ ಗೂಡು ಹೋದಂತೆಯೇ. ಈ ಉಲ್ಲನ್ ಮತ್ತೆ ಉಂಡೆಯಾಗಿ ನನ್ನ ಮಡಿಲಿಗೆ ಬಂತು.

ಎರಡನೇ ಸಲ ಹಿಮ್ಮಡಿ ನೇರವಾಗಿ ಕೂತಿತು. ಐದನೇ ದಿನ ಕಾಲ್ಬೆರಳ ತುದಿಗೆ ಕುಣಿಕೆ ಕಡಿಮೆ ಮಾಡುತ್ತಿದ್ದಾಗ ಫೋನು ಬಡಿದುಕೊಂಡಿತು.

"ಅಕ್ಕ, ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ವಂತೆ. ಥೈರಾಯ್ಡ್ ಗಂಟಂತೆ, ಮಾತ್ರೆ ಸಾಕಂತೆ," ಎಂದಳು ಮಂಜುಳಾ. "ಎರಡು ದಿನದಿಂದ ನಿಂಗೆ ಮಾಡ್ತಾನೇ ಇದ್ದೀನಿ ಕಣೇ."

ಅಮ್ಮ ಫೋನ್ ಕಿತ್ತುಕೊಂಡಳು. "ನಂದಿರ್ಲಿ. ನಿನ್ ಕಾಲ್ಬೆರಳು ಊತ ಇಳೀತೇನಮ್ಮ?"

ಆಗ ಅತ್ತುಬಿಟ್ಟೆ. ಆಂಟಿಗೆ ಹಿಂದಿಯಲ್ಲಿ ಹೇಳಲು ಹೋಗಿ ಕನ್ನಡದಲ್ಲೇ ಹೇಳಿದೆ. ಅವರಿಗೆ ಮುಖ ನೋಡಿಯೇ ತಿಳಿಯಿತು. ಎದ್ದು ಚಹಾಕ್ಕಿಟ್ಟರು. ಆ ದಿನ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ತಿಂದೆ. ಜೊತೆಯ ಎರಡನೇ ಚೀಲವನ್ನು ಮೂರೇ ದಿನದಲ್ಲಿ ಹೆಣೆದು ಮುಗಿಸಿದೆ, ಮೊದಲನೆಯದಕ್ಕಿಂತ ಒಂದು ಬೆರಳು ಗಿಡ್ಡವಾಗಿ.

ರಜೆಯಲ್ಲಿ ಊರಿಗೆ ಬಂದು ಆ ಜೊತೆಯನ್ನು ಅಮ್ಮನಿಗೆ ಕೊಟ್ಟೆ. ಕತ್ತಿನ ಊತ ಹಾಗೇ ಇತ್ತು, ಅವಳು ಮಾತ್ರ ಗಟ್ಟಿಯಾಗಿದ್ದಳು. ಕಾಲಿಗೆ ಹಾಕುವ ಮುಂಚೆ ಎಳೆಯನ್ನು ಬೆರಳಲ್ಲಿ ಉಜ್ಜಿ, ಬಿಗಿ ಒಂದೇ ಸಮ ಇಲ್ಲ ಎಂದಳು. ನೂಲಿನವಳಲ್ಲವೇ. ಹಾಕಿಕೊಂಡ ಮೇಲೆ ಬೇಸಗೆಯ ಸೆಖೆಯಲ್ಲೂ ಮಧ್ಯಾಹ್ನದವರೆಗೆ ತೆಗೆಯಲಿಲ್ಲ.

ಸಂಜೆ ಜಗಲಿಯಲ್ಲಿ ಮಂಜುಳಾಗೊಂದು ಜೊತೆ ಶುರುಮಾಡಿದೆ. ಬೆವರಿಗೆ ಕುಣಿಕೆ ಕಡ್ಡಿಯಲ್ಲಿ ಜಾರಲೊಲ್ಲದು. ಗಟ್ಟಿಯಾಗಿ ಎಣಿಸುತ್ತಿದ್ದೆನಂತೆ. ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಿ, "ಅದ್ಯಾವ ಭಾಷೇಲಿ ಎಣಿಸ್ತೀಯಮ್ಮ?" ಎಂದಳು.

ಆಗಲೇ ನನಗೂ ಕೇಳಿಸಿದ್ದು. ಅಠಾರಹ್, ಉನ್ನೀಸ್, ಬೀಸ್ ಎನ್ನುತ್ತಿದ್ದೆ. ಅದರಾಚೆಯ ಹಿಂದಿ ಅಂಕಿಗಳು ಇನ್ನೂ ಬಾಯಿಗೆ ಬಂದಿಲ್ಲ. ಮುಂದಿನ ಕುಣಿಕೆಗೆ ಕಡ್ಡಿ ತೂರಿಸಿ, ಇಪ್ಪತ್ತೊಂದು ಎಂದೆ.