ಕುತ್ತಿಗೆಯವರೆಗೆ ಬಂದ ಮಾವನವರು

ದಸರಾ ಮುಗಿದ ಮರುದಿನ ಎಂದಿನಂತೆ ಹಾಲು ಕಾಯಿಸಿ, ರೊಟ್ಟಿ ಬಡಿದು, ಒಲೆ ಒರೆಸಿ ಪಡಸಾಲೆಗೆ ಬಂದೆ. ಕಂಪ್ಯೂಟರಿನ ಮೇಲಿನ ಚೆಂಡುಹೂವಿನ ಮಾಲೆ ಬಾಡಿತ್ತು. ನಿಪ್ಪಾಣಿಯ ಆ ಮನೆಯಲ್ಲಿ ನಮ್ಮ ಯಜಮಾನರು ಅದರಲ್ಲಿ ಲಗ್ನಪತ್ರಿಕೆ ತಯಾರಿಸುತ್ತಿದ್ದರು. ಅದು ಖಾಲಿ ಇದ್ದಾಗ ನಾನು ಪ್ರೋಗ್ರಾಮ್ ಬರೆಯುವ ಸಿ ಭಾಷೆ ಕಲಿಯುತ್ತಿದ್ದೆ. ಪುಸ್ತಕ ಇಂಗ್ಲಿಷಿನದು, ಕಾನ್ವೆಂಟಿನಲ್ಲಿ ಓದಿದವಳಿಗೆ ಅದೊಂದು ಕಷ್ಟವಿರಲಿಲ್ಲ.

ದಸರೆಯ ಖಂಡೆ ಪೂಜೆಗೆ, ಅಂದರೆ ಆಯುಧಪೂಜೆಗೆ, ಮುಂಚೆ ಕೆಲಸದ ಸಾಮಾನನ್ನೆಲ್ಲ ಸ್ವಚ್ಛ ಮಾಡುವುದು ಪದ್ಧತಿ. ಯಜಮಾನರು ಧೂಳು ಒರೆಸಿದ್ದು ಸಾಲದೆ, ಒಳಗೂ ಕಸ ಇರಬಾರದೆಂದು ಫ್ಲಾಪಿಗಳಲ್ಲಿದ್ದ ಹಳೆಯದನ್ನೆಲ್ಲ ಅಳಿಸಿದ್ದರು. ಒಂದರಲ್ಲಿ ತೀರಿಹೋದ ಮಾವನವರ ಸ್ಕ್ಯಾನ್ ಮಾಡಿಸಿದ ಫೋಟೋ ಇತ್ತು. ಕಾಗದದ ಫೋಟೋವನ್ನು ಗೆದ್ದಲು ತಿಂದಿತ್ತು. ಬೇರೆ ಪ್ರತಿ ಇರಲಿಲ್ಲ. ಸುದ್ದಿ ತಿಳಿದಾಗಿನಿಂದ ಅತ್ತೆ ಸರಿಯಾಗಿ ಉಂಡಿರಲಿಲ್ಲ.

ಅಳಿಸಿದರೆ ಹೆಸರಷ್ಟೇ ಹೋಗುತ್ತದೆ, ಚಿತ್ರ ಅಲ್ಲೇ ಉಳಿದಿರುತ್ತದೆ ಎಂದು ಓದಿದ್ದೆ. ಫ್ಲಾಪಿಯನ್ನು ತುಣುಕು ತುಣುಕಾಗಿ ಓದಿ, ಚಿತ್ರ ಶುರುವಾಗುವ ಗುರುತು ಸಿಕ್ಕಲ್ಲಿಂದ ನಕಲು ತೆಗೆಯುವ ಪ್ರೋಗ್ರಾಮ್ ಬರೆದು ಓಡಿಸಿದೆ. ಬಿಟ್‌ಮ್ಯಾಪ್ ಎಂಬ ಆ ಬಗೆಯ ಚಿತ್ರದಲ್ಲಿ ಕೆಳಗಿನ ಸಾಲು ಮೊದಲು ಇರುತ್ತದೆ. ಹೀಗಾಗಿ ಮಾವನವರು ಕಾಲಿನಿಂದ ಬಂದರು: ಚಪ್ಪಲಿ, ಧೋತರ, ಕೋಟಿನ ಗುಂಡಿ. ಕುತ್ತಿಗೆಗೆ ಬಂದು ನಿಂತುಬಿಟ್ಟರು.

“ಮಾರಿ ಎಲ್ಲೈತಿ?” ಅತ್ತೆ ಕೇಳಿದರು.

“ಬರ್ತೈತ್ರಿ, ತಡೀರಿ.”

ಬರಲಿಲ್ಲ. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ, ತಿದ್ದಿದೆ, ಮತ್ತೆ ಓಡಿಸಿದೆ. ಪ್ರತಿ ಸಲ ಅದೇ ಮೇಲಿನ ಗುಂಡಿ, ಆಮೇಲೆ ಏನೂ ಇಲ್ಲ. ಒಲೆಯ ಮೇಲೆ ಬ್ಯಾಳಿ ತಳ ಹತ್ತಿತು. ಕರೆಂಟು ಹೋಗಿ ಬಂತು.

“ನಿನ್ನ ಲೆಕ್ಕಾನ ಎಲ್ಲೋ ತಪ್ಪೈತಿ,” ಎಂದರು ಯಜಮಾನರು.

“ಅಳಿಸಿದವ್ರು ನೀವು, ತಪ್ಪು ನಂದೇನ್ರಿ?”

ಅವರು ಪೇಪರ್ ಮಡಚಿಕೊಂಡು ಅಂಗಳಕ್ಕೆ ಹೋದರು.

ಸಿಟ್ಟಿನಲ್ಲಿ ಫ್ಲಾಪಿ ಎಳೆದು ತೆಗೆದೆ. ಅದರ ತಗಡಿನ ಮುಚ್ಚಳ ಸರಿಸಿದರೆ ಒಳಗಿನ ಕಪ್ಪು ತಟ್ಟೆಗೆ ಹಳದಿ ಪುಡಿ ಅಂಟಿತ್ತು.

“ಅತ್ತಿ, ಇದಕ್ಕ ಭಂಡಾರ ಹಚ್ಚೀರೇನ್ರಿ?”

“ಹಚ್ಚಲಾರದ ಬಿಡತೇನೇನ? ಪೂಜಿಗೆ ಇಟ್ಟದ್ದಕ್ಕೆಲ್ಲಾ ಹಚ್ಚೇನಿ. ಅದರಾಗ ಅವರ ಅದಾರಂತ ಅದಕ್ಕ ಎರಡ ಸಲ ಹಚ್ಚೇನಿ.”

ಇಡೀ ದಿನ ನನ್ನ ಸಾಲುಗಳಲ್ಲಿ ಹುಡುಕಿದ ತಪ್ಪು ಅರಿಶಿನದ ಪುಡಿಯಾಗಿತ್ತು. ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಊದಿದೆ, ಹತ್ತಿಯಿಂದ ಒರೆಸಿದೆ. ಅದು ಇನ್ನಷ್ಟು ಒಳಗೆ ಹೋಯಿತು. ಕೊನೆಗೆ ಪ್ರೋಗ್ರಾಮಿಗೇ ಹೇಳಿದೆ: ಓದಲು ಬಾರದ ತುಣುಕು ಬಂದರೆ ನಿಲ್ಲಬೇಡ, ಅಷ್ಟು ಜಾಗ ಕಪ್ಪು ಬಿಟ್ಟು ಮುಂದೆ ಹೋಗು.

ಸಂಜೆ ಮಾವನವರ ಮೀಸೆ ಬಂತು, ಕಣ್ಣು ಬಂತು, ಟೊಪ್ಪಿಗೆಯೂ ಬಂತು. ಅತ್ತೆ ಮಣೆ ಹತ್ತಿರ ಎಳೆದುಕೊಂಡು ಕುಳಿತರು. ನನ್ನ ಕಣ್ಣು ಮಾತ್ರ ಕುತ್ತಿಗೆಯ ಸುತ್ತ ಉಳಿದ ಕಪ್ಪು ಪಟ್ಟಿಯ ಮೇಲೇ ಇತ್ತು. ಅದನ್ನು ಹೇಗೆ ತೆಗೆಯುವುದೆಂದು ಮತ್ತೆ ಪುಸ್ತಕ ತಿರುವುತ್ತಿದ್ದೆ.

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ವೈನಿ ಬಾಗಿಲಲ್ಲೇ ನಿಂತು ನೋಡಿದರು.

“ಥಂಡ್ಯಾಗ ತಗಸಿದ್ದೇನ್ರಿ ಫೋಟೋ? ಮಾವಾರಿಗೆ ಮಫ್ಲರ್ ಭಾಳ ಛಲೋ ಒಪ್ಪೈತಿ ನೋಡ್ರಿ.”