ಬೆಳ್ಳುಳ್ಳಿ ನಾರುವ ಕಲ್ಲು

ಶಿರ್ವದ ಕ್ರೈಸ್ತ ಕಜೆಟನ್ ಓದಿದ್ದು ಐದನೇ ಕ್ಲಾಸು. ಮಣಿಪಾಲದ ಕಾಲೇಜೊಂದರ ಭೂವಿಜ್ಞಾನ ಪ್ರಯೋಗಾಲಯದಲ್ಲಿ ಕಲ್ಲು ಒರೆಸುವ ಹಂಗಾಮಿ ಕೆಲಸ. ಆರು ವರ್ಷಗಳಿಂದ ತರಗತಿಯ ಹಿಂಬದಿ ಗೋಡೆಗೆ ಒರಗಿ ನಿಂತು ಕೇಳಿದ ಪಾಠವೇ ಅವನ ವಿದ್ಯೆ. ಪಾಠ ಹೇಳುತ್ತಿದ್ದವರು ಪ್ರೊಫೆಸರ್ ಉಪಾಧ್ಯರು. ಉಡುಪಿಯ ಮಡಿವಂತ ಮನೆತನ, ಮದರಾಸಿನ ಚಿನ್ನದ ಪದಕ, ಕಲ್ಲನ್ನು ಮುಟ್ಟದೆಯೇ ಹೆಸರು ಹೇಳಿಬಿಡುವ ಪಾಂಡಿತ್ಯ. ಮುಟ್ಟಿದರೆ ಕೈ ಕೊಳೆಯಾಗುತ್ತದಲ್ಲ!

೧೯೬೪ರಲ್ಲಿ ಜರ್ಮನಿಯಿಂದ ಬಂದ ಖನಿಜಗಳ ಪೆಟ್ಟಿಗೆಯಲ್ಲಿ ಒಂದು ಕಲ್ಲಿನ ಹೆಸರಿನ ಚೀಟಿ ಉದುರಿಹೋಗಿತ್ತು. ಬೂದು ಬಂಡೆಯ ಮೇಲೆ ಸೂಜಿಯಂಥ ಕಡುಗೆಂಪು ಹರಳುಗಳು. ಉಪಾಧ್ಯರು ದೂರದಿಂದಲೇ ನೋಡಿ "ರೋಡೊನೈಟ್" ಎಂದು ಅಪ್ಪಣೆ ಕೊಡಿಸಿದರು. ರೋಡೊನೈಟ್ ಗಟ್ಟಿ ಕಲ್ಲು. ಇದೋ, ಒರೆಸುವಾಗ ಉಗುರು ತಾಗಿದ್ದಕ್ಕೇ ಗೀರು ಬಿತ್ತು.

"ಸರ್, ಇದು ತೀರಾ ಮೆತ್ತಗೆ ಉಂಟು. ಒಮ್ಮೆ ಕಾಯಿಸಿ ನೋಡುವ, ಅಲ್ವಾ?" ಎಂದ ಕಜೆಟನ್.

ಉಪಾಧ್ಯರು ಮೂಗು ಮುರಿಯುತ್ತಲೇ ಒಪ್ಪಿದರು. ಕಜೆಟನ್ ಕಿಟಕಿ ತೆರೆದು, ಚೂರೊಂದನ್ನು ಇದ್ದಿಲಿನ ಮೇಲಿಟ್ಟು, ಕೊಳವೆಯಿಂದ ಜ್ವಾಲೆ ಊದಿದ. ಘಮ್ಮೆಂದು ಬೆಳ್ಳುಳ್ಳಿಯ ವಾಸನೆ! ಆರ್ಸೆನಿಕ್ ಇರುವ ಖನಿಜ ಕಾದರೆ ಹೀಗೆ ನಾರುತ್ತದೆಂದು ಉಪಾಧ್ಯರೇ ವರ್ಷವರ್ಷವೂ ಬಾಯಿಪಾಠ ಮಾಡಿಸಿದ್ದರು. ಆದರೆ ಅವರ ಮನೆಯ ಅಡುಗೆಕೋಣೆಗೆ ಬೆಳ್ಳುಳ್ಳಿ ಕಾಲಿಟ್ಟದ್ದಿಲ್ಲ. ಅವರ ಪ್ರಕಾರ ಆ ವಾಸನೆ ಬರುವುದು ಕಲ್ಲಿನಿಂದಲ್ಲ, ಬೇರೆಯವರ ಮೈಯಿಂದ.

"ಥೂ! ಎಂತ ತಿಂದು ಬರ್ತೀಯ ಮಾರಾಯ? ಹೊರಗೆ ಹೋಗು!"

ಪಾಪ, ಕಜೆಟನ್ ತಿಂದದ್ದು ಬರೀ ಗಂಜಿ. ಹೊಲಸು ತಿಂದು ಬರುತ್ತಾನೆಂಬ ದೂರು ಪ್ರಾಂಶುಪಾಲರ ಮೇಜಿಗೆ ಹೋಯಿತು. ತಿಂಗಳ ಕೊನೆಗೆ ಕೆಲಸ ಹೋಗುವುದು ಖಚಿತವಾಯಿತು. ಮನೆಯಲ್ಲಿ ಬಸುರಿ ಹೆಂಡತಿ ಬರ್ತಾ, ಮೂರು ಮಕ್ಕಳು.

ಅಷ್ಟರಲ್ಲಿ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬಂದರು. ಕಜೆಟನ್‌ಗೆ ಒಳಗೆ ಪ್ರವೇಶವಿಲ್ಲ. ಜಗಲಿಯ ತುದಿಯಲ್ಲಿ ನಿಂತ. ಪರೀಕ್ಷಕರು ಕೆಂಪು ಕಲ್ಲನ್ನು ಬಿಳಿ ಪಿಂಗಾಣಿ ಬಿಲ್ಲೆಗೆ ಉಜ್ಜಿದರು. ನಸುಗೆಂಪು ಗೆರೆ ಮೂಡಿತು. ಬೊರಾಕ್ಸ್ ಕಾಯಿಸಿ ಮಾಡಿದ ಗಾಜಿನಂಥ ಮಣಿಯಲ್ಲಿ ಅದರ ಪುಡಿ ಕರಗಿಸಿದರು. ಮಣಿ ಕಡುನೀಲಿಯಾಯಿತು, ಅಂದರೆ ಕೋಬಾಲ್ಟ್. ಕೊನೆಗೆ ಇದ್ದಿಲಿನ ಮೇಲೆ ಕಾಯಿಸಿದರು. ಕೋಣೆ ತುಂಬ ಅದೇ ನಾತ.

"ಕಜೆಟನ್! ಹೊರಗೆ ಹೋಗು ಅಂದೆನಲ್ಲ!" ಉಪಾಧ್ಯರು ತಿರುಗಿಯೂ ನೋಡದೆ ಗುಡುಗಿದರು.

"ಹೊರಗೇ ಇದ್ದೇನೆ ಸರ್, ಬೆಳಿಗ್ಗೆಯಿಂದ," ಎಂದು ಜಗಲಿಯ ತುದಿಯಿಂದ ಉತ್ತರ ಬಂತು.

ವಿದ್ಯಾರ್ಥಿಗಳು ನಗು ಅಡಗಿಸಲು ರೆಕಾರ್ಡ್ ಪುಸ್ತಕದೊಳಗೆ ಮುಖ ಹುದುಗಿಸಿದರು. "ಇದು ಎರಿತ್ರೈಟ್, ಕೋಬಾಲ್ಟಿನ ಆರ್ಸೆನೇಟ್. ಅಪರೂಪದ್ದು. ಈ ವಾಸನೆಯೂ ನಿಮಗೆ ತಿಳಿಯಲಿಲ್ಲವೇ?" ಎಂದು ಪರೀಕ್ಷಕರು ಉಪಾಧ್ಯರನ್ನೇ ಕೇಳಿದರು. ಚಿನ್ನದ ಪದಕದವರು ಆಗ ಜಗಲಿಯತ್ತ ತಿರುಗಿ ನೋಡಿದರು.

ದೂರು ಆ ಸಂಜೆಯೇ ವಾಪಸಾಯಿತು. ಮರುದಿನ ಉಪಾಧ್ಯರು, ಕ್ಷಮೆಯ ಒಂದು ಮಾತೂ ಇಲ್ಲದೆ, ಹೊಸ ಚೀಟಿ ಬರೆಯಲು ಹೇಳಿದರು. ಕಜೆಟನ್ ಹೆಸರು, ಬಣ್ಣ, ಗಡಸುತನ ಎಲ್ಲ ಬರೆದು, ಪೆನ್ನು ಎತ್ತಿ ಹಿಡಿದು ಕೇಳಿದ:

"ವಾಸನೆ ಎಂಬಲ್ಲಿ ಎಂತ ಬರೆಯಲಿ ಸರ್? ಬೆಳ್ಳುಳ್ಳಿಯದ್ದು ಅಂತಲಾ, ನನ್ನದು ಅಂತಲಾ?"